ಅವಿರೋಧ ಎಂದು ಬರೆದ ನಡಾವಳಿ

ಹೋದ ವರ್ಷ ಮಾರ್ಚ್ ತಿಂಗಳ ಎರಡನೇ ಶನಿವಾರ, ಗೋಥೆನ್‌ಬರ್ಗ್‌ನ ಒಂದು ಸಭಾಂಗಣದಲ್ಲಿ, ಪಶ್ಚಿಮ ಸ್ವೀಡನ್ನಿನ ಕನ್ನಡ ಕುಟುಂಬಗಳ ಸಂಘ ತನ್ನ ಎರಡನೇ ಅಧ್ಯಕ್ಷರನ್ನು ಆರಿಸಿತು. ಡಬ್ಬಿಗೆ ಬಿದ್ದ ಚೀಟಿಗಳು ಐವತ್ತೆಂಟು. ಗೆದ್ದವರಿಗೆ ಮೂವತ್ತೊಂದು, ಸೋತವರಿಗೆ ಇಪ್ಪತ್ತಾರು, ಒಂದು ಖಾಲಿ. ಸಭೆಯ ನಡಾವಳಿಯಲ್ಲಿ ಆಯ್ಕೆ ಅವಿರೋಧವಾಗಿ ನಡೆಯಿತು ಎಂದಿತ್ತು. ನಡಾವಳಿ ಬರೆದವನು ನಾನು.

ಬೆಂಗಳೂರಿನ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದ ಮೇಲೆ ನಾನು ಸ್ವೀಡನ್ನಿನ ಕಾರ್ಲ್‌ಸ್ಟಾಡ್ ವಿಶ್ವವಿದ್ಯಾಲಯಕ್ಕೆ ಸಂಶೋಧನಾ ವಿದ್ಯಾರ್ಥಿಯಾಗಿ ಬಂದೆ. ವಿಷಯ ಅಮೆರಿಕದ ಮೊದಲ ಸರಕಾರ. ಅದರ ಸಂವಿಧಾನದಲ್ಲಿ ಪಕ್ಷಗಳ ಮಾತೇ ಇಲ್ಲ. ಬರೆದವರಿಗೆ ಪಕ್ಷ ಎಂದರೆ ರೋಗ. ಮೊದಲ ಅಧ್ಯಕ್ಷರಿಗೆ ಎರಡು ಸಲವೂ ಎಲ್ಲ ಮತದಾರ ಪ್ರತಿನಿಧಿಗಳ ಮತ ಬಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅವಿರೋಧ ಆಯ್ಕೆ. ಆದರೆ ಅವರ ಮಂತ್ರಿಮಂಡಲದ ಒಂದೇ ಮೇಜಿನ ಸುತ್ತ ಕೂತ ಇಬ್ಬರು, ಖಜಾನೆಯ ಕಾರ್ಯದರ್ಶಿ ಮತ್ತು ವಿದೇಶಾಂಗ ಕಾರ್ಯದರ್ಶಿ, ಒಬ್ಬರನ್ನೊಬ್ಬರು ನಂಬುವುದನ್ನು ಬಿಟ್ಟರು. ಮೊದಲನೆಯವರಿಗೆ ಕೇಂದ್ರ ಗಟ್ಟಿಯಾಗಬೇಕು, ರಾಷ್ಟ್ರಕ್ಕೊಂದು ಬ್ಯಾಂಕು ಬೇಕು. ಎರಡನೆಯವರಿಗೆ ರಾಜ್ಯಗಳ ಕೈಯಲ್ಲಿರುವುದು ಅಲ್ಲೇ ಇರಬೇಕು. ಮೊದಲನೆಯವರ ಇಲಾಖೆ ಒಂದು ಪತ್ರಿಕೆಗೆ ತನ್ನ ಮುದ್ರಣದ ಕೆಲಸ ಕೊಟ್ಟಿತು. ಎರಡನೆಯವರು ಇನ್ನೊಂದು ಪತ್ರಿಕೆಯ ಸಂಪಾದಕನನ್ನು ತಮ್ಮ ಇಲಾಖೆಯಲ್ಲಿ ಅನುವಾದಕ ಎಂದು ನೇಮಿಸಿಕೊಂಡರು. ಹೀಗೆ ಫೆಡರಲಿಸ್ಟರು, ರಿಪಬ್ಲಿಕನ್ನರು ಎಂಬ ಎರಡು ಗುಂಪುಗಳಾದವು. ನಾನು ಓದುವುದು ಆ ಎರಡು ಪತ್ರಿಕೆಗಳ ಪುಟಗಳನ್ನು. ಬೈಗುಳ ಬಹಳ. ಓದಿದಾಗ ನಗುವೂ ಬರುವುದಿಲ್ಲ, ಕೋಪವೂ ಬರುವುದಿಲ್ಲ. ದಿನಾಂಕ, ಪುಟ, ಕಾಲಂ ಗುರುತು ಹಾಕಿಕೊಂಡು ಮುಂದೆ ಹೋಗುತ್ತೇನೆ. ಡೆಸ್ಕಿನಲ್ಲಿದ್ದಾಗಲೂ ಹಾಗೆಯೇ ಇದ್ದೆ.

ನಮ್ಮ ಸಂಘ ಕಟ್ಟಿದವರು ಗೋಥೆನ್‌ಬರ್ಗ್‌ನ ಲಿಂಡ್‌ಹೋಲ್ಮೆನ್‌ನಲ್ಲಿ ಕಾರಿನ ಸಾಫ್ಟ್‌ವೇರ್ ಬರೆಯುವ ಎಂಜಿನಿಯರ್. ದಾವಣಗೆರೆಯ ಮುಸ್ಲಿಂ ಮನೆತನ. ನಾವೆಲ್ಲ ಅವರನ್ನು ಭಾಯ್ ಎನ್ನುತ್ತೇವೆ. ಅವರು ನನ್ನನ್ನು ಎಡಿಟರ್ ಸಾಹೇಬ್ರೇ ಎನ್ನುತ್ತಿದ್ದರು. ಅವರ ಮಗಳು ಹುಟ್ಟಿದಾಗ ಊರಿನಿಂದ ಬರಬೇಕಾಗಿದ್ದವರಿಗೆ ಸಮಯಕ್ಕೆ ವೀಸಾ ಸಿಗಲಿಲ್ಲ. ಗೋಥೆನ್‌ಬರ್ಗ್, ಕಾರ್ಲ್‌ಸ್ಟಾಡ್, ಟ್ರೋಲ್‌ಹೆಟ್ಟನ್‌ಗಳಿಂದ ಆರು ಮಂದಿ ಹೆಂಗಸರು ಸರದಿಯ ಮೇಲೆ ಬಂದು ಬಾಣಂತನ ಮಾಡಿದರು. ಅವರಲ್ಲಿ ಕೆಲವರಿಗೆ ಪರಸ್ಪರ ಪರಿಚಯವೇ ಇರಲಿಲ್ಲ. ಮಗುವಿನ ನಲವತ್ತನೇ ದಿನ ಎಲ್ಲರನ್ನೂ ಒಟ್ಟಿಗೆ ಊಟಕ್ಕೆ ಕರೆದರು. ಅದೇ ಸಂಘದ ಮೊದಲ ಸಭೆ. ಅಲ್ಲಿಂದ ಏಳು ವರ್ಷ ಅವರೇ ಅಧ್ಯಕ್ಷರು.

ಪ್ರತಿ ವರ್ಷದ ಆಯ್ಕೆ ಒಂದೇ ರೀತಿ ನಡೆಯುತ್ತಿತ್ತು. ಸಭೆಗೆ ಮುಂಚಿನ ವಾರ ಫೋನುಗಳು ಓಡಾಡುತ್ತಿದ್ದವು. ಎಲ್ಲ ಅಲ್ಲೇ ತೀರ್ಮಾನವಾಗಿ, ಸಭೆಯಲ್ಲಿ ಒಬ್ಬರು ಹೆಸರು ಹೇಳಿದರೆ ಮತ್ತೊಬ್ಬರು ಅನುಮೋದಿಸುತ್ತಿದ್ದರು, ಚಪ್ಪಾಳೆ, ನಂತರ ಬಿಸಿಬೇಳೆಬಾತು. ಎದುರಿಗೆ ಕೂತವರ ಮುಂದೆ ಅವರ ವಿರುದ್ಧ ಕೈ ಎತ್ತುವುದು ನಮ್ಮವರಿಂದ ಆಗುತ್ತಿರಲಿಲ್ಲ. ಊರಿನ ಹಾಲಿನ ಸೊಸೈಟಿಯಲ್ಲಿ, ಶಾಲೆಯ ಹಳೆ ವಿದ್ಯಾರ್ಥಿ ಸಂಘದಲ್ಲಿ ಎಲ್ಲರೂ ನೋಡಿದ್ದು ಅದನ್ನೇ.

ಭಾಯ್ ಇನ್ನು ಸಾಕು ಎಂದಾಗ ತೊಡಕು ಶುರುವಾಯಿತು. ಅಷ್ಟು ಹೊತ್ತಿಗೆ ಸಂಘದೊಳಗೆ ಎರಡು ಕಡೆಗಳಾಗಿದ್ದವು. ಒಂದು ಕಡೆಗೆ ಗೋಥೆನ್‌ಬರ್ಗ್‌ನ ಒಬ್ಬ ಮಹಿಳೆ, ಪ್ರಾಜೆಕ್ಟ್ ಮ್ಯಾನೇಜರ್, ಮುಂದಾಳು. ಬೆಂಗಳೂರಿನ ಜಯನಗರದವರು. ಸಂಘ ಸರಿಯಾಗಿ ನೋಂದಣಿಯಾಗಬೇಕು, ಬ್ಯಾಂಕ್ ಖಾತೆ ಇರಬೇಕು, ರಾಜ್ಯೋತ್ಸವ ಒಂದೇ ಕಡೆ ದೊಡ್ಡದಾಗಿ ಆಗಬೇಕು ಎಂಬುದು ಅವರ ವಾದ. ಇನ್ನೊಂದು ಕಡೆಗೆ ಕಾರ್ಲ್‌ಸ್ಟಾಡ್‌ನಲ್ಲಿ ಕಾಗದದ ತಿರುಳಿನ ಮೇಲೆ ಸಂಶೋಧನೆ ಮಾಡುವ ರಸಾಯನಶಾಸ್ತ್ರಜ್ಞರು, ಪುತ್ತೂರಿನವರು. ಪ್ರತಿ ಊರು ತನ್ನ ಹಬ್ಬ ತಾನೇ ಮಾಡಿಕೊಳ್ಳಲಿ, ಸಂಘ ಹೆಸರಿಗೆ ಇದ್ದರೆ ಸಾಕು ಎಂಬುದು ಅವರದು. ಎರಡೂ ಕಡೆಯವರು ಫೋನಿನಲ್ಲಿ ತಮ್ಮದೇ ಗ್ರೂಪ್ ಮಾಡಿಕೊಂಡಿದ್ದರು. ನಾನು ಕಾರ್ಲ್‌ಸ್ಟಾಡ್‌ನವನಾದ್ದರಿಂದ ಗೋಥೆನ್‌ಬರ್ಗ್‌ನವರು ನನ್ನನ್ನು ಆ ಕಡೆಯವನೆಂದರು. ಭಾಯ್ ಮನೆಗೆ ಹೋಗುವವನಾದ್ದರಿಂದ ಕಾರ್ಲ್‌ಸ್ಟಾಡ್‌ನವರು ಗೋಥೆನ್‌ಬರ್ಗ್ ಕಡೆಯವನೆಂದರು. ನಾನು ಎರಡೂ ಗ್ರೂಪ್‌ಗಳಲ್ಲಿ ಇರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಭಾಯ್ ಇಬ್ಬರನ್ನೂ ಮನೆಗೆ ಕರೆದರು. ಸಾಕ್ಷಿಗೆ ಇರಲಿ ಎಂದು ನನ್ನನ್ನೂ ಕರೆದರು. ಅಡುಗೆಮನೆಯ ಮೇಜಿನ ಸುತ್ತ ಕೂತೆವು.

"ಸರ್, ನಾವು ಇನ್ನೂ ಕುಕ್ಕರ್ ತಗೊಂಡು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಓಡಾಡ್ತಿದ್ದೀವಿ," ಎಂದರು ಮ್ಯಾನೇಜರ್. "ರಿಜಿಸ್ಟರ್ ಮಾಡಿಸಿದ್ರೆ ಇಲ್ಲಿನ ಮುನ್ಸಿಪಾಲಿಟಿ ಹಾಲ್ ಕೊಡುತ್ತೆ, ಮಕ್ಕಳ ಕನ್ನಡ ಕ್ಲಾಸಿಗೆ ರೂಮ್ ಕೊಡುತ್ತೆ. ಒಂದೇ ಸಂಘ, ಒಂದೇ ಪ್ರೋಗ್ರಾಂ, ಪ್ರಾಪರ್ ಆಗಿ."

"ಪ್ರಾಪರ್ ಅಂದ್ರೆ ಗೋಥೆನ್‌ಬರ್ಗ್‌ನಲ್ಲಿ ಅಂತ ಅರ್ಥ," ಎಂದರು ರಸಾಯನಶಾಸ್ತ್ರಜ್ಞರು.

"ಹೆಚ್ಚು ಜನ ಇಲ್ಲೇ ಇದ್ದಾರಲ್ವಾ?"

"ಹೌದು ಮೇಡಂ. ನಾವು ಮೂರು ಗಂಟೆ ಟ್ರೇನಲ್ಲಿ ಬಂದು, ಎರಡು ಗಂಟೆ ನಿಮ್ಮ ಮಕ್ಕಳ ಡ್ಯಾನ್ಸ್ ನೋಡಿ, ಮತ್ತೆ ಮೂರು ಗಂಟೆ ಕೂತು ಹೋಗೋದು. ನಮ್ಮಲ್ಲೇ ಸಣ್ಣದೊಂದು ಮಾಡಿಕೊಂಡ್ರೆ ಎಂತ ತೊಂದರೆ ಮಾರಾಯ್ರೆ?"

ಅವರು ಎಲ್ಲರೊಂದಿಗೆ ಬೆಂಗಳೂರು ಕನ್ನಡವನ್ನೇ ಆಡುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಪುತ್ತೂರು ಹೊರಗೆ ಬರುತ್ತಿತ್ತು.

"ನಿಮ್ಮೂರಲ್ಲಿ ಇರೋದು ಹನ್ನೊಂದು ಮನೆ," ಎಂದರು ಮ್ಯಾನೇಜರ್. "ಒಬ್ರು ಅಧ್ಯಕ್ಷರು, ಒಬ್ರು ಸೆಕ್ರೆಟರಿ, ಮಿಕ್ಕ ಒಂಬತ್ತು ಮನೆಯವರು ಪ್ರೇಕ್ಷಕರು. ಮಾಡ್ಕೊಳ್ಳಿ."

ಭಾಯ್ ಹೆಂಡತಿ ತಟ್ಟೆಗಳನ್ನು ಇಡುತ್ತ, "ಮೊದಲು ಊಟ ಮಾಡಿ. ಹೊಟ್ಟೆ ಖಾಲಿ ಇದ್ರೆ ಎಲ್ಲರೂ ಅಧ್ಯಕ್ಷರೇ," ಎಂದರು. ಎಲ್ಲರೂ ನಕ್ಕರು. ಊಟವಾಯಿತು. ತೀರ್ಮಾನವಾಗಲಿಲ್ಲ.

ಅವರಿಬ್ಬರೂ ಹೊರಟ ಮೇಲೆ ಭಾಯ್ ನನ್ನನ್ನು ನಿಲ್ದಾಣದವರೆಗೆ ಬಿಡಲು ಬಂದರು. ದಾರಿಯಲ್ಲಿ, "ಆವತ್ತು ಬಾಣಂತನಕ್ಕೆ ಬಂದ ಆರು ಜನದಲ್ಲಿ ಈಗ ಮೂವರು ಆ ಕಡೆ, ಮೂವರು ಈ ಕಡೆ," ಎಂದರು. "ಸಂಘ ಒಡೆದರೆ ನನ್ನ ಮಗಳ ಬರ್ತ್‌ಡೇಗೆ ಯಾರನ್ನ ಕರೀಲಿ, ಯಾರನ್ನ ಬಿಡ್ಲಿ? ಅಧ್ಯಕ್ಷಗಿರಿ ಯಾರಿಗಾದ್ರೂ ಹೋಗ್ಲಿ. ಕೈ ಎತ್ತಿಸಬಾರದು, ಅಷ್ಟೇ. ಒಂದು ಸಲ ಎಣಿಸಿದ್ರೆ ಮುಗೀತು, ಯಾರು ಯಾರ ಕಡೆ ಅಂತ ಗೊತ್ತಾಗಿಬಿಡುತ್ತೆ."

ಸ್ವಲ್ಪ ದೂರ ನಡೆದ ಮೇಲೆ ಅವರೇ ಕೇಳಿದರು. "ನಿಮ್ಮ ಅಮೆರಿಕದ ಫಸ್ಟ್ ಅಧ್ಯಕ್ಷರು ಎರಡು ಸಲ ಆದ್ಮೇಲೆ ಬಿಟ್ಟರಲ್ಲ, ಹೆಂಗೆ ಬಿಟ್ಟರು? ಭಾಷಣ ಮಾಡಿದ್ರಾ?"

"ಇಲ್ಲ ಭಾಯ್. ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ರು. ಪಕ್ಷ ಕಟ್ಕೋಬೇಡಿ ಅಂತ ಅದರಲ್ಲಿ ಬರೆದಿದ್ರು."

"ಕೇಳಿದ್ರಾ ಜನ?"

"ಆಗ್ಲೇ ಕಟ್ಕೊಂಡಿದ್ರು. ಅವರಿದ್ದಾಗಲೇ ಒಡೆದಿತ್ತು."

"ಆಮೇಲೆ ಬಂದವರು?"

"ಒಂದು ಪಕ್ಷದವರು ಅಧ್ಯಕ್ಷರಾದ್ರು. ಎರಡನೇ ಸ್ಥಾನ ಬಂದ ಎದುರು ಪಕ್ಷದವರು ಉಪಾಧ್ಯಕ್ಷರಾದ್ರು. ಆಗ ರೂಲ್ ಹಾಗಿತ್ತು."

ಅವರು ನಡೆಯುವುದನ್ನು ನಿಲ್ಲಿಸಿದರು. "ಇದು ಚೆನ್ನಾಗಿದೆಯಲ್ಲ ಸಾಹೇಬ್ರೇ. ಅವರು ಅಧ್ಯಕ್ಷರು, ಇವರು ಉಪಾಧ್ಯಕ್ಷರು. ಇಬ್ಬರೂ ಒಳಗೇ ಇರ್ತಾರೆ."

ಆ ಏರ್ಪಾಡು ನಡೆಯಲಿಲ್ಲ, ಇಬ್ಬರೂ ನಾಲ್ಕು ವರ್ಷ ಒಬ್ಬರ ಕೆಲಸಕ್ಕೆ ಒಬ್ಬರು ಅಡ್ಡ ನಿಂತರು, ಕೊನೆಗೆ ಸಂವಿಧಾನವನ್ನೇ ತಿದ್ದಬೇಕಾಯಿತು ಎಂದು ನಾನು ಹೇಳಿದೆ. ಅಷ್ಟರಲ್ಲಿ ಅವರು ಫೋನ್ ತೆಗೆದು ಯಾರಿಗೋ ಕರೆ ಮಾಡುತ್ತಿದ್ದರು.

ಎರಡು ವಾರ ಅವರು ಇಬ್ಬರಿಗೂ ಫೋನ್ ಮಾಡಿದರು. ಸಭೆಗೆ ಎರಡು ದಿನ ಮುಂಚೆ, ಗುರುವಾರ, ನನಗೆ ತಿಳಿಸಿದರು: ಮ್ಯಾನೇಜರ್ ಅಧ್ಯಕ್ಷರು, ರಸಾಯನಶಾಸ್ತ್ರಜ್ಞರು ಉಪಾಧ್ಯಕ್ಷರು, ರಾಜ್ಯೋತ್ಸವ ಎಲ್ಲಿ ಎಂಬುದು ಒಂದು ವರ್ಷ ಮುಂದಕ್ಕೆ. ಇಬ್ಬರೂ ಒಪ್ಪಿದ್ದರು.

ಸಭೆಗೆ ಕಾರ್ಯದರ್ಶಿ ನಾನೇ. ಶನಿವಾರ ಬೆಳಿಗ್ಗೆ ಕಾರ್ಲ್‌ಸ್ಟಾಡ್‌ನಿಂದ ರೈಲು ಹತ್ತಿ, ವೆನರ್ನ್ ಸರೋವರದ ಪಕ್ಕ ಸಾಗುವಾಗ ನಡಾವಳಿ ಬರೆದು ಮುಗಿಸಿದೆ. ಇದು ಡೆಸ್ಕಿನ ಅಭ್ಯಾಸ. ಫಲಿತಾಂಶ ಗೊತ್ತಿರುವ ಚುನಾವಣೆಯ ಸುದ್ದಿಯನ್ನು, ಸಾಯುವ ಸ್ಥಿತಿಯಲ್ಲಿರುವವರ ಸುದ್ದಿಯನ್ನು ಮೊದಲೇ ಬರೆದಿಟ್ಟುಕೊಳ್ಳುತ್ತಿದ್ದೆವು. ನಡೆದ ಮೇಲೆ ಸಮಯವನ್ನಷ್ಟೇ ತುಂಬಿದರೆ ಆಯಿತು. "ಅಧ್ಯಕ್ಷರಾಗಿ ಅವಿರೋಧವಾಗಿ ಆಯ್ಕೆಯಾದರು" ಎಂದು ಬರೆದೆ. ಉಪಾಧ್ಯಕ್ಷರನ್ನು ಅಧ್ಯಕ್ಷರೇ ಆಮೇಲೆ ನೇಮಿಸುವ ರೂಢಿಯಾದ್ದರಿಂದ ಆ ಹೆಸರು ಅದರಲ್ಲಿ ಇರಲಿಲ್ಲ. ನಿಲ್ದಾಣದ ಹತ್ತಿರದ ಗ್ರಂಥಾಲಯದಲ್ಲಿ ಅಚ್ಚು ತೆಗೆದೆ.

ಸ್ವೀಡನ್ನಿನ ಸಂಘಗಳಲ್ಲಿ ನಡಾವಳಿಗೆ ಬರೆದವನ ಸಹಿ ಸಾಲದು. ಸಭೆ ಇಬ್ಬರನ್ನು ಆರಿಸುತ್ತದೆ. ಅವರು ಆಮೇಲೆ ಓದಿ, ನಡೆದದ್ದು ಇದೇ ಎಂದು ಸಹಿ ಹಾಕಬೇಕು. ನೋಂದಣಿಗೆ ಕಾಗದ ಕಳಿಸಬೇಕಾಗಿದ್ದರಿಂದ ಈ ಸಲ ಅದು ಬೇಕೇ ಬೇಕಿತ್ತು. ಟ್ರೋಲ್‌ಹೆಟ್ಟನ್‌ನ ದಂತವೈದ್ಯೆ ಒಬ್ಬರು, ಒಗ್ಗಟ್ಟು ಕಾಣಲಿ ಎಂದು ರಸಾಯನಶಾಸ್ತ್ರಜ್ಞರು ಇನ್ನೊಬ್ಬರು ಎಂದು ಭಾಯ್ ಗೊತ್ತುಮಾಡಿದ್ದರು. ಇಬ್ಬರಿಗೂ ಸಂಜೆಯ ರೈಲು ಹಿಡಿಯಬೇಕಿತ್ತು. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗಲೇ ಕಾಗದ ಕೊಟ್ಟೆ.

"ಇನ್ನೂ ಮೀಟಿಂಗೇ ಆಗಿಲ್ಲ!" ಎಂದರು ದಂತವೈದ್ಯೆ.

"ನಮ್ಮ ಸೊಸೈಟಿಯಲ್ಲಿ ಅಪ್ಪ ಖಾಲಿ ಪುಸ್ತಕಕ್ಕೇ ಸಹಿ ಹಾಕ್ತಿದ್ರು," ಎಂದರು ರಸಾಯನಶಾಸ್ತ್ರಜ್ಞರು. "ಇಲ್ಲಿ ಬರೆದಾದ್ರೂ ಇದೆ. ಕೊಡಿ ಪೆನ್ನು." ತಟ್ಟೆಯನ್ನು ಎಡಗೈಗೆ ಬದಲಿಸಿ ಸಹಿ ಹಾಕಿದರು. ದಂತವೈದ್ಯೆಯೂ ಹಾಕಿದರು. ನಾನು ಕಾಗದವನ್ನು ಫೈಲಿನಲ್ಲಿಟ್ಟೆ.

ಊಟ ಮುಗಿಯುವ ಹೊತ್ತಿಗೆ ಯಾರೋ ರಸಾಯನಶಾಸ್ತ್ರಜ್ಞರಿಗೆ ಗೋಥೆನ್‌ಬರ್ಗ್ ಗ್ರೂಪಿನ ಒಂದು ಸಂದೇಶ ತೋರಿಸಿದರು. ನವೆಂಬರಿನ ರಾಜ್ಯೋತ್ಸವಕ್ಕೆ ಗೋಥೆನ್‌ಬರ್ಗ್‌ನಲ್ಲಿ ಹಾಲ್ ಗೊತ್ತಾಗಿದೆ, ಮಕ್ಕಳ ಹೆಸರು ಕೊಡಿ ಎಂದಿತ್ತು. ಸಂದೇಶ ಶುಕ್ರವಾರದ್ದು. ಒಪ್ಪಂದವಾದ ಮರುದಿನದ್ದು.

ಸಭೆ ಎರಡೂಕಾಲಿಗೆ ಶುರುವಾಯಿತು. ಭಾಯ್ ಸ್ವಾಗತಿಸಿದರು. ಒಬ್ಬರು ಮ್ಯಾನೇಜರ್ ಹೆಸರು ಸೂಚಿಸಿದರು, ಇನ್ನೊಬ್ಬರು ಅನುಮೋದಿಸಿದರು. ಚಪ್ಪಾಳೆಗೆ ಕೈಗಳು ಎದ್ದಾಗ ರಸಾಯನಶಾಸ್ತ್ರಜ್ಞರು ನಿಂತರು.

"ಒಂದು ನಿಮಿಷ. ನಾನೂ ಕ್ಯಾಂಡಿಡೇಟ್."

"ಈಗ ಬೇಡ, ಆಮೇಲೆ ಮಾತಾಡೋಣ, ಪ್ಲೀಸ್," ಎಂದರು ಭಾಯ್.

"ಆಮೇಲೆ ಎಂತ ಮಾತು? ಗುರುವಾರ ಒಂದು ವರ್ಷ ಮುಂದೆ ಹಾಕಿದ್ದನ್ನ ಶುಕ್ರವಾರ ಬುಕ್ ಮಾಡಿಯಾಗಿದೆ. ಉಪಾಧ್ಯಕ್ಷ ಅಂದ್ರೆ ಕುರ್ಚಿ ಎತ್ತಿಡೋದಕ್ಕಾ?"

"ಅದು ಬರೀ ಹೋಲ್ಡ್ ಮಾಡಿರೋದು, ಕನ್ಫರ್ಮ್ ಅಲ್ಲ!" ಎಂದರು ಮ್ಯಾನೇಜರ್. "ಕ್ಯಾನ್ಸಲ್ ಮಾಡ್ಬಹುದು."

"ಮಾಡಿ ಹಾಗಾದ್ರೆ. ಈಗಲೇ."

"ನೀವು ಆರ್ಡರ್ ಮಾಡಿದ್ರೆ ನಾನು ಮಾಡಲ್ಲ."

ಭಾಯ್ ಇಬ್ಬರ ನಡುವೆ ಹೋಗಿ ನಿಂತು, ಇಬ್ಬರ ತೋಳನ್ನೂ ಹಿಡಿದುಕೊಂಡು, ಸಭೆಯನ್ನು ಒಂದು ವಾರ ಮುಂದೂಡುತ್ತೇನೆ ಎಂದರು. ಎರಡೂ ಕಡೆಯಿಂದ ಬೇಡ ಎಂಬ ಕೂಗು ಬಂತು. ಅವತ್ತು ಎರಡೂ ಕಡೆ ಒಪ್ಪಿದ್ದು ಅದೊಂದನ್ನೇ. ಮಕ್ಕಳ ಚಿತ್ರ ಬಿಡಿಸುವ ಹಾಳೆಗಳನ್ನು ಹರಿದು ಚೀಟಿ ಮಾಡಿದೆವು. ಗಂಡ ಹೆಂಡತಿಯರು ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಬರೆದರು. ನಾನು ಚೀಟಿ ಹಾಕಲಿಲ್ಲ, ಎಣಿಸುವವನು ಹಾಕಬಾರದೆಂದುಕೊಂಡೆ. ಎರಡು ಸಲ ಎಣಿಸಿದೆ. ಸಂಖ್ಯೆ ಓದಿದಾಗ ಅರ್ಧ ಸಭೆ ಚಪ್ಪಾಳೆ ತಟ್ಟಿತು. ಕಾರ್ಲ್‌ಸ್ಟಾಡ್‌ನವರು ಕೋಟು ಹಾಕಿಕೊಂಡು ರೈಲಿಗೆ ಹೊರಟರು. ಅದೇ ರೈಲಿನಲ್ಲಿ ನಾನೂ ಇದ್ದೆ. ಯಾರೂ ನನ್ನ ಪಕ್ಕದಲ್ಲಿ ಕೂರಲಿಲ್ಲ. ಬೋಗಿಯಲ್ಲಿ ಬೇಕಾದಷ್ಟು ಜಾಗವಿತ್ತು, ಹಾಗಾಗಿ ಅದರಿಂದ ಏನನ್ನೂ ತೀರ್ಮಾನಿಸಲಾಗದು.

ಭಾನುವಾರ ಬೆಳಿಗ್ಗೆ ಭಾಯ್ ಫೋನ್ ಮಾಡಿದರು. ಹೊಸ ನಡಾವಳಿ ಬರೆಯುತ್ತಿದ್ದೇನೆ, ಸಹಿಗೆ ಅಂಚೆಯಲ್ಲಿ ಕಳಿಸುತ್ತೇನೆ ಎಂದೆ.

"ಹಳೇದು ಇದೆಯಲ್ಲ, ಸಹಿ ಆಗಿರೋದು?"

"ಇದೆ."

"ಅದೇ ಕಳಿಸಿ ಸಾಹೇಬ್ರೇ."

"ಅದರಲ್ಲಿ ಅವಿರೋಧ ಅಂತಿದೆ ಭಾಯ್."

"ಇರ್ಲಿ. ಗೆದ್ದವರ ಹೆಸರು ಸರಿ ಇದೆಯಲ್ಲ? ಇವತ್ತು ಸಿಟ್ಟಿದೆ, ಮುಂದಿನ ವರ್ಷ ಇರಲ್ಲ. ಮೂವತ್ತೊಂದು ಇಪ್ಪತ್ತಾರು ಅಂತ ಬರೆದುಬಿಟ್ರೆ ಅದು ಕಾಗದದಲ್ಲಿ ಕೂತುಬಿಡುತ್ತೆ. ನಾನು ನಿಮ್ಮ ಹತ್ರ ಏನೂ ಕೇಳಿದವನಲ್ಲ."

ಅದು ನಿಜ. ಅವರು ಏನೂ ಕೇಳಿದವರಲ್ಲ. ನಾನು ಆಯ್ತು ಎಂದೆ. ಆ ಹೊತ್ತು ಮನಸ್ಸಿನಲ್ಲಿ ಹೋರಾಟವೇನೂ ಇರಲಿಲ್ಲ. ಹನ್ನೆರಡು ವರ್ಷ ಇತರರ ವರದಿಗಳಲ್ಲಿ ಸಂಖ್ಯೆ ತಪ್ಪಿದ್ದರೆ ಫೋನ್ ಮಾಡಿ ಎಬ್ಬಿಸಿ ಕೇಳಿದವನು ನಾನು. ಕಾಗದವನ್ನು ಸ್ಕ್ಯಾನ್ ಮಾಡಿ ಹೊಸ ಅಧ್ಯಕ್ಷರಿಗೆ ಕಳಿಸಲು ನಾಲ್ಕು ನಿಮಿಷ ಹಿಡಿಯಿತು. ಆಮೇಲೆ ಅಕ್ಕಿ ತೊಳೆದೆ.

ಮ್ಯಾನೇಜರ್ ಅದನ್ನು ಓದದೆ ನೋಂದಣಿಯ ಕಾಗದಗಳ ಜೊತೆ ಲಗತ್ತಿಸಿದರು. ಏಪ್ರಿಲ್ ಕೊನೆಯಲ್ಲಿ ಎಲ್ಲ ಸದಸ್ಯರಿಗೂ ಪ್ರತಿ ಹೋಯಿತು. ರಸಾಯನಶಾಸ್ತ್ರಜ್ಞರು ವಿಶ್ವವಿದ್ಯಾಲಯದಲ್ಲಿ ಫೀಕಾ ಎನ್ನುವ ಕಾಫಿ ವಿರಾಮದ ಕೋಣೆಗೆ ಬಂದು, ನಾನು ಸಹೋದ್ಯೋಗಿಗಳೊಡನೆ ಕಾಫಿ ಕುಡಿಯುತ್ತಿದ್ದಾಗ, ಕಾಗದವನ್ನು ನನ್ನ ಮುಂದೆ ಇಟ್ಟರು.

"ಇದು ಯಾರ ಸಹಿ?"

"ನಿಮ್ಮದು."

"ನಾನು ಸ್ಪರ್ಧಿಸಿ ಸೋತ ಚುನಾವಣೆ ಅವಿರೋಧ ಅಂತ ನಾನೇ ಸಹಿ ಹಾಕಿದ್ದೇನೆ. ಇಪ್ಪತ್ತಾರು ಜನ ಎಲ್ಲಿ ಹೋದ್ರು? ನೀವು ಪೇಪರ್‌ನವರು. ಭಾಯ್ ಅಲ್ಲ, ಅವರು ಎಂಜಿನಿಯರ್. ನಿಮಗೆ ಗೊತ್ತಿತ್ತು."

ಅವರು ಇಂಗ್ಲಿಷಿಗೆ ತಿರುಗಲಿಲ್ಲ, ಹಾಗಾಗಿ ಮೇಜಿನಲ್ಲಿದ್ದ ಬೇರೆಯವರಿಗೆ ಅರ್ಥವಾಗಲಿಲ್ಲ. ಗೊತ್ತಿತ್ತು ಎಂದೆ. ಅವರು ಕಾಗದ ತೆಗೆದುಕೊಂಡು ಹೋದರು.

ಸಂಜೆ ಮ್ಯಾನೇಜರ್ ಫೋನ್ ಮಾಡಿದರು. "ನಾನು ಗೆದ್ದಿದ್ದೆ ಸರ್. ಸರಿಯಾಗಿ, ವೋಟಲ್ಲಿ ಗೆದ್ದಿದ್ದೆ. ಈಗ ನೋಡಿದವರು ನಾನು ಫೋರ್ಜರಿ ಮಾಡಿದೆ ಅಂತಾರೆ. ನಿಮಗೆ ಯಾರು ಹೇಳಿದ್ದು ಹಂಗೆ ಕಳಿಸಿ ಅಂತ?"

ನಾನು ಉತ್ತರಿಸುವ ಮೊದಲೇ ಸಂಘದ ದೊಡ್ಡ ಗ್ರೂಪಿನಲ್ಲಿ ಭಾಯ್ ಬರೆದಿದ್ದರು: "ತಪ್ಪು ನಂದು. ಬರೆದವರದ್ದಲ್ಲ. ನಾನೇ ಹೇಳಿ ಮಾಡಿಸಿದೆ. ಎಲ್ಲರೂ ಕ್ಷಮಿಸಿ." ಅದರ ಕೆಳಗೆ ಎರಡೂ ಕಡೆಯವರು ಬರೆದರು. ಏಳು ವರ್ಷದಲ್ಲಿ ಎಲ್ಲ ಆಯ್ಕೆಗಳನ್ನೂ ಅವರು ಹೀಗೆಯೇ ಮಾಡಿಸಿಕೊಂಡರು ಎಂದು ಒಬ್ಬರು. ಸಂಘವನ್ನು ಮನೆಯ ಆಸ್ತಿ ಮಾಡಿಕೊಂಡಿದ್ದರು ಎಂದು ಇನ್ನೊಬ್ಬರು. ಆ ಇನ್ನೊಬ್ಬರು ಬಾಣಂತನಕ್ಕೆ ಬಂದಿದ್ದ ಆರು ಮಂದಿಯಲ್ಲಿ ಒಬ್ಬರು. ನಾನು ಎಲ್ಲವನ್ನೂ ಓದಿದೆ. ಹನ್ನೊಂದು ದಿನ ಏನೂ ಬರೆಯಲಿಲ್ಲ.

ಹನ್ನೆರಡನೇ ದಿನ ತಿದ್ದಿದ ನಡಾವಳಿಯನ್ನು ಎಲ್ಲರಿಗೂ ಕಳಿಸಿದೆ. ಮೊದಲ ನಡಾವಳಿ ಸಭೆಗೆ ಮುಂಚೆ ಬರೆದದ್ದು, ಸಹಿಗಳು ಊಟಕ್ಕೆ ಮುಂಚಿನವು, ತಪ್ಪೆಂದು ತಿಳಿದೂ ಕಳಿಸಿದವನು ನಾನು ಎಂದು ಮೂರು ವಾಕ್ಯ ಬರೆದೆ. ಮೂವತ್ತೊಂದು, ಇಪ್ಪತ್ತಾರು, ಒಂದು ಖಾಲಿ. ದಂತವೈದ್ಯೆ ಸಹಿ ಹಾಕಿ ಕಳಿಸಿದರು. ರಸಾಯನಶಾಸ್ತ್ರಜ್ಞರು ಹಾಕಲಿಲ್ಲ. ಭಾಯ್ ನನಗೆ ಫೋನ್ ಮಾಡಿ, "ಯಾಕೆ ಸಾಹೇಬ್ರೇ, ನಾನು ಮುಚ್ಚಿದ್ದೆನಲ್ಲ," ಎಂದರು. ಬೈಯಲಿಲ್ಲ. ಕುಟುಂಬದ ಕ್ಷೇಮ ಕೇಳಿದರು. ಅದು ನಮ್ಮ ಕೊನೆಯ ಮಾತು.

ಸೆಪ್ಟೆಂಬರಿನಲ್ಲಿ ಕಾರ್ಲ್‌ಸ್ಟಾಡ್‌ನ ಹನ್ನೊಂದು ಮನೆಗಳು, ಟ್ರೋಲ್‌ಹೆಟ್ಟನ್‌ನ ಕೆಲವು ಮನೆಗಳು ಸೇರಿ ಬೇರೆ ಸಂಘ ಮಾಡಿಕೊಂಡವು. ನವೆಂಬರಿನ ಮೊದಲ ಶನಿವಾರ ಎರಡು ರಾಜ್ಯೋತ್ಸವಗಳು ನಡೆದವು. ನಾನು ಕಾರ್ಲ್‌ಸ್ಟಾಡ್‌ನದಕ್ಕೆ ಹೋದೆ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಇತ್ತು. ಭುವನೇಶ್ವರಿಯ ಚಿತ್ರ ಸ್ವಲ್ಪ ಚಿಕ್ಕದಿತ್ತು. ಕೇಸರಿಬಾತು ಚೆನ್ನಾಗಿತ್ತು.

ಭಾಯ್ ಎರಡಕ್ಕೂ ಹೋಗಲಿಲ್ಲ. ಡಿಸೆಂಬರಿನಲ್ಲಿ ಅವರ ಮಗಳ ಹುಟ್ಟುಹಬ್ಬ ಇತ್ತು. ಅದಕ್ಕೆ ಯಾರನ್ನೂ ಕರೆಯಲಿಲ್ಲವೆಂದು ದಂತವೈದ್ಯೆ ಹೇಳಿದರು. ಶಾಲೆಯ ಮೂವರು ಗೆಳತಿಯರು ಬಂದಿದ್ದರಂತೆ, ಸ್ವೀಡಿಷ್ ಹಾಡು ಹೇಳಿದರಂತೆ.

ಈ ವರ್ಷ ಜನವರಿಯಲ್ಲಿ ಭಾಯ್ ಲಿಂಡ್‌ಹೋಲ್ಮೆನ್‌ನ ಕೆಲಸ ಬಿಟ್ಟು, ಸ್ಟಾಕ್‌ಹೋಮ್ ಹತ್ತಿರದ ಸೊಲ್ಲೆಂಟುನಾಗೆ ಮನೆ ಬದಲಿಸಿದರು. ಅಲ್ಲಿಯೂ ಕನ್ನಡಿಗರ ಸಂಘವೊಂದಿದೆ. ಏಪ್ರಿಲ್‌ನಲ್ಲಿ ಯುಗಾದಿ ಕಾರ್ಯಕ್ರಮಕ್ಕೆಂದು ಆ ಸಂಘದವರು ಆಹ್ವಾನದೊಂದಿಗೆ ನಮಗೂ ಕಳಿಸಿದ ತಮ್ಮ ಸದಸ್ಯರ ಪಟ್ಟಿಯಲ್ಲಿ ಅವರ ಹೆಸರಿಲ್ಲ.